ಬಡ್ಡಿಗೆ ಮಳೆಗಾಲದ ರಜೆಯಿಲ್ಲ



ಮಲಾಡಿನ ಮಾರ್ವೆ ಜೆಟ್ಟಿಯಲ್ಲಿ ಬೋಟಿಗಾಗಿ ಸಾಲಿನಲ್ಲಿ ನಿಂತ ನೆನಪು ನಿಮಗಿದೆಯೇ? ಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ, ಬಾಯಲ್ಲಿ ಟೀವಿ ಜಾಹೀರಾತಿನ ಹಾಡು! ಮುಂಬಯಿಯಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಶಾಲೆಯ ಪಿಕ್‌ನಿಕ್ ಎಂದರೆ ಎಸ್ಸೆಲ್ ವರ್ಲ್ಡ್. 2022ರಲ್ಲಿ ಅದು ಬಾಗಿಲು ಮುಚ್ಚಿತು. ಪಕ್ಕದ ವಾಟರ್ ಕಿಂಗ್‌ಡಮ್ ಮಾತ್ರ ಉಳಿಯಿತು. ಅಷ್ಟೊಂದು ಜನ ಹೋಗುತ್ತಿದ್ದ ಜಾಗ ಮುಚ್ಚಿದ್ದೇಕೆ? ಬನ್ನಿ, ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಸುಭಾಷ್ ಚಂದ್ರ ಅವರು ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ತೆರೆದದ್ದು 1989ರಲ್ಲಿ. ಅವರ ಝೀ ಟೀವಿ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1992ರಲ್ಲಿ. ಚೌಪಾಟಿ, ರಾಣಿಬಾಗ್ ಬಿಟ್ಟರೆ ಮಕ್ಕಳನ್ನು ಕರೆದೊಯ್ಯಲು ಹೆಚ್ಚು ಜಾಗವಿಲ್ಲದ ಊರಿಗೆ ಅದೊಂದು ಅಚ್ಚರಿ. 1998ರಲ್ಲಿ ವಾಟರ್ ಕಿಂಗ್‌ಡಮ್ ಕೂಡ ಸೇರಿಕೊಂಡಿತು.

ಆದರೆ ಈ ವ್ಯಾಪಾರದ ಲೆಕ್ಕವೇ ಬೇರೆ. ಸಿನಿಮಾ ಮಂದಿರಕ್ಕೆ ಪ್ರತಿ ಶುಕ್ರವಾರ ಹೊಸ ಚಿತ್ರ ಬರುತ್ತದೆ. ಪಾರ್ಕಿಗೆ ಹೊಸ ರೈಡ್ ಬೇಕೆಂದರೆ ಕೋಟಿಗಟ್ಟಲೆ ಹಣ ಬೇಕು. ಹೊಸದಿಲ್ಲದಿದ್ದರೆ ಒಮ್ಮೆ ಬಂದವರು ಮತ್ತೆ ಬರುವುದಿಲ್ಲ. ಜನ ತುಂಬುವುದು ಏಪ್ರಿಲ್-ಮೇ ರಜೆ, ದೀಪಾವಳಿ, ಭಾನುವಾರಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಗೊತ್ತಲ್ಲ! ಜನ ಬರಲಿ, ಬಿಡಲಿ, ಯಂತ್ರಗಳ ತಪಾಸಣೆ, ಸಂಬಳ, ಕರೆಂಟ್ ಬಿಲ್ಲು ತಪ್ಪುವುದಿಲ್ಲ. ಗೊರಾಯಿಗೆ ಹೋಗಲು ಖಾಡಿ ದಾಟಬೇಕು, ಇಲ್ಲವೇ ಭಾಯಂದರ್ ಸುತ್ತಿ ಬರಬೇಕು. ಅಷ್ಟರಲ್ಲಿ ಮನೆಯ ಹತ್ತಿರವೇ ಮಾಲ್‌ಗಳು ಬಂದವು, ಅವುಗಳೊಳಗೆ ಮಕ್ಕಳ ಆಟಗಳೂ ಬಂದವು.

ಎರಡನೆಯ ಕಥೆ ನಮ್ಮವರದ್ದೇ. ಕರಾವಳಿ ಮೂಲದ ಮನಮೋಹನ ಶೆಟ್ಟರು 1978ರಲ್ಲಿ ಆಡ್‌ಲ್ಯಾಬ್ಸ್ ಕಟ್ಟಿದವರು, 'ಅರ್ಧ ಸತ್ಯ' ಚಿತ್ರದ ನಿರ್ಮಾಪಕರಲ್ಲೊಬ್ಬರು, ವಡಾಲಾದಲ್ಲಿ ಐಮ್ಯಾಕ್ಸ್ ತಂದವರು. ಅವರು ಖೋಪೋಲಿ ಬಳಿ, ಸುಮಾರು 1,600 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿಸಿದ ಇಮ್ಯಾಜಿಕಾ 2013ರಲ್ಲಿ ಬಾಗಿಲು ತೆರೆಯಿತು. ಹೋಗಿ ಬಂದವರು ಮೆಚ್ಚಿದರು. ಆದರೆ ಕಟ್ಟಿದ್ದು ಬಹುಪಾಲು ಸಾಲದ ಹಣದಿಂದ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಪಾರ್ಕ್ ಟಿಕೆಟ್ಟಿನ ಮೇಲೆ ಶೇ. 28 ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದು ಶೇ. 18ಕ್ಕೆ ಇಳಿಯಿತು. 2020ರಲ್ಲಿ ಕೊರೋನಾ ಬಂದು ಗೇಟಿಗೆ ಬೀಗ ಹಾಕಿಸಿತು. ಕೊನೆಗೆ 2022ರಲ್ಲಿ, ಸಾಲ ಕೊಟ್ಟವರು ಬಾಕಿಯ ದೊಡ್ಡ ಪಾಲು ಬಿಟ್ಟುಕೊಟ್ಟ ಮೇಲೆ, ಸಂಗಮನೇರ್‌ನ ಮಾಲ್ಪಾನಿ ಸಮೂಹ ಅದನ್ನು ವಹಿಸಿಕೊಂಡಿತು. ಪಾರ್ಕ್ ಉಳಿಯಿತು, ಕನಸು ಕಂಡವರ ಕೈತಪ್ಪಿತು.

ಇದು ನಮ್ಮವರ ಕೈಗುಣವೇನಲ್ಲ. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಡಿಸ್ನಿ ಪಾರ್ಕ್ ಎರಡೇ ವರ್ಷದಲ್ಲಿ ಬ್ಯಾಂಕುಗಳೊಡನೆ ಕುಳಿತು ಸಾಲದ ಲೆಕ್ಕವನ್ನು ಹೊಸದಾಗಿ ಬರೆಸಿಕೊಳ್ಳಬೇಕಾಯಿತು. ಮಿಕ್ಕಿ ಮೌಸ್‌ಗೂ ಬಡ್ಡಿಯ ಕಾಟ ತಪ್ಪಲಿಲ್ಲ!

ಹಾಗಾದರೆ ಉಳಿದವರು ಹೇಗೆ ಉಳಿದರು? ಊರಿಗೆ ಹೋದಾಗ ಬಿಡದಿಯ ವಂಡರ್‌ಲಾ ನೋಡಿರುತ್ತೀರಿ. ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ಒಂದು ಪಾರ್ಕ್ ಕಟ್ಟಿದರು. ಅದು ಕಾಲೂರಿದ ಮೇಲೆ 2005ರಲ್ಲಿ ಬೆಂಗಳೂರು, 2016ರಲ್ಲಿ ಹೈದರಾಬಾದ್. ಎಷ್ಟೋ ರೈಡ್‌ಗಳನ್ನು ತಮ್ಮದೇ ಕಾರ್ಖಾನೆಯಲ್ಲಿ ಮಾಡಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಿದರು ಎನ್ನಿ.

ಪಾರ್ಕುಗಳು ಮುಚ್ಚುವುದು ಮಕ್ಕಳ ಪ್ರೀತಿ ಕಡಿಮೆಯಾಗಿ ಅಲ್ಲ. ಜನ ಬರುವುದು ರಜೆಯಲ್ಲಿ, ಬಡ್ಡಿ ಬರುವುದು ಪ್ರತಿ ತಿಂಗಳು. ಈ ಎರಡರ ನಡುವಿನ ಅಂತರ ತುಂಬಲಾಗದಾಗ ಚಕ್ರ ನಿಲ್ಲುತ್ತದೆ.

ಕೂರಲು ಬೆಂಚು ಸಿಗುವುದೂ ಕಷ್ಟವಾದ ಈ ಊರಿನಲ್ಲಿ ಮಕ್ಕಳು ಕೂಗಿ ಕುಣಿಯುವ ಒಂದು ಜಾಗ ಹೋಯಿತೆಂದರೆ, ಅದು ಬರೀ ಒಬ್ಬ ವ್ಯಾಪಾರಿಯ ನಷ್ಟವಲ್ಲ. ನಿಮ್ಮ ಹಳೆಯ ಆಲ್ಬಮ್ಮಿನಲ್ಲಿ ಗೊರಾಯಿಯ ಫೋಟೋ ಇದ್ದರೆ ಇವತ್ತು ತೆಗೆದು ಮಕ್ಕಳಿಗೆ ತೋರಿಸಿ. ಬೋಟಿನ ಕಥೆಯನ್ನೂ ಹೇಳಿ.

ಮತ್ತೆ ಸಿಗೋಣ, ಕೇಳುತ್ತಿರಿ.