ಹರಿಯುವ ನೀರನ್ನು ಅಳೆದವರು

ಹೊಸಪೇಟೆಯಿಂದ ಹಂಪಿಯ ಕಡೆಗೆ ನಡೆದುಹೋಗುವವರಿಗೆ ದಾರಿಯುದ್ದಕ್ಕೂ ಜೊತೆಯಾಗಿ ಬರುವುದು ಕಾಲುವೆಯ ನೀರು. ಬಾಳೆ, ಕಬ್ಬು, ತೆಂಗುಗಳ ನಡುವೆ ಅದು ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ ಎಂದು ಅವಕ್ಕೆ ಹೆಸರು. ವಿಜಯನಗರದ ಅರಸರ ಕಾಲದಲ್ಲಿ ತೆಗೆದ ಈ ಕಾಲುವೆಗಳು ಸಾಮ್ರಾಜ್ಯ ಅಳಿದ ಮೇಲೂ ತಮ್ಮ ಕೆಲಸವನ್ನು ಬಿಟ್ಟಿಲ್ಲ. ಅರಮನೆಗಳು ಹಾಳಾದವು, ಗದ್ದೆಗಳು ಹಸಿರಾಗಿಯೇ ಉಳಿದವು.

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ ನಡೆದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ನನ್ನ ಸೋದರಮಾವನಿಗೆ ಇಂಥದೊಂದು ಕಾಲುವೆಯ ಕೊನೆಯಲ್ಲಿ ಸ್ವಲ್ಪ ಗದ್ದೆಯಿತ್ತು. ಒಂದೇ ತೂಬಿನಿಂದ ಎರಡು ಕವಲುಗಳು ಹೊರಟು, ಒಂದು ಅವನ ಗದ್ದೆಗೂ ಇನ್ನೊಂದು ನೆರೆಯವನ ಗದ್ದೆಗೂ ಹೋಗುತ್ತಿದ್ದವು. ನೀರು ಸಮನಾಗಿ ಬರುತ್ತಿಲ್ಲವೆಂದು ಜಗಳ ಹತ್ತಿತು. ಹಿರಿಯರು ಕೂಡಿದರು. ಒಂದು ಕೋಲನ್ನು ತಂದು ಎರಡೂ ಕವಲುಗಳಲ್ಲಿ ಅದ್ದಿ ನೋಡಿದರು. ಎರಡರಲ್ಲಿಯೂ ಸರಿಯಾಗಿ ಒಂದು ಗೇಣು! ನ್ಯಾಯ ತೀರಿತು. ಆದರೆ ಸಂಜೆಯ ಹೊತ್ತಿಗೆ ನೆರೆಯವನ ಗದ್ದೆ ತುಂಬಿತ್ತು, ಮಾವನ ಗದ್ದೆಯ ಅರ್ಧ ಇನ್ನೂ ಒಣಗಿಯೇ ಇತ್ತು. ಬದುವಿನ ಮೇಲೆ ಕುಳಿತಿದ್ದ ಮುದುಕ ನೀರಗಂಟಿ ಮಾತ್ರ, "ಆಳ ಒಂದೇ ಇರಬಹುದು ಸ್ವಾಮಿ, ಓಟ ಬೇರೆ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವನೂ ಆ ನೆರೆಯವನೂ ಆಮೇಲೆ ಬಹಳ ವರ್ಷ ಮಾತನಾಡಲಿಲ್ಲ.

ಆ ಮುದುಕ ಹೇಳಿದ್ದು ಸತ್ಯವಾಗಿತ್ತು. ಆದರೆ ಆ ಸತ್ಯವನ್ನು ಹತ್ತು ಜನರ ಮುಂದೆ ತೋರಿಸಿಕೊಡುವ ಸಾಧನ ಅವನ ಬಳಿ ಇರಲಿಲ್ಲ. ಅಂಥ ಸಾಧನವನ್ನು ಹುಡುಕಿದವರ ಕಥೆಯೇ ಈ ಹೊತ್ತಿನ ನನ್ನ ಮಾತು.

ನಮ್ಮ ಪೂರ್ವಿಕರಿಗೆ ಅಳತೆ ಗೊತ್ತಿರಲಿಲ್ಲವೆಂದಲ್ಲ. ಹಂಪಿಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಕೊಳವನ್ನು ನೋಡಿದವರು ಬಲ್ಲರು: ಅದರ ಕರಿಯ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿನಲ್ಲಿ ಕೂರಬೇಕೆಂಬ ಗುರುತುಗಳನ್ನು ಕೆತ್ತಲಾಗಿದೆ. ಬುಕ್ಕರಾಯನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನವು ಏರಿಯ ಉದ್ದ 5000 ದಂಡವೆಂದೂ, ದಿನಕ್ಕೆ 1000 ಆಳುಗಳೂ 100 ಬಂಡಿಗಳೂ ಎರಡು ವರ್ಷ ದುಡಿದವೆಂದೂ ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಅಂಗಗಳನ್ನು ಎಣಿಸುವಾಗ ಜಲಶಾಸ್ತ್ರವನ್ನು ಬಲ್ಲವನೊಬ್ಬ ಇರಬೇಕೆಂದೂ ಹೇಳುತ್ತದೆ. ತೂತಿನ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು ಅದು ಮುಳುಗುವ ಹೊತ್ತನ್ನು ಒಂದು ಗಳಿಗೆಯೆಂದು ಎಣಿಸಿದ ಜನ ನಮ್ಮವರು. ಹೀಗೆ ಕಲ್ಲನ್ನು ಅಳೆದರು. ನೀರಿನಿಂದ ಕಾಲವನ್ನೂ ಅಳೆದರು. ಆದರೆ ಹೊಲಕ್ಕೆ ಹರಿಯುವ ನೀರಿನ ವಿಷಯದಲ್ಲಿ ಹೆಚ್ಚಾಗಿ ನೆಚ್ಚಿಕೊಂಡದ್ದು ಸರದಿಯನ್ನು ಮತ್ತು ನೀರಗಂಟಿಯ ಕಣ್ಣನ್ನು. ಅನುಭವವುಳ್ಳ ಕಣ್ಣು ಬಹುಮಟ್ಟಿಗೆ ತಪ್ಪುವುದಿಲ್ಲ. ಆದರೆ ಕಣ್ಣಿಗೆ ಸಾಕ್ಷಿಯಿಲ್ಲ. ಜಗಳ ಬಂದಾಗ ಬೇಕಾಗುವುದು ಸಾಕ್ಷಿಯೇ.

ಹರಿಯುವ ನೀರನ್ನು ಅಳೆಯುವುದು ಏಕೆ ಕಷ್ಟ? ಗೆಲಿಲಿಯೋನ ಶಿಷ್ಯನಾದ ಕಾಸ್ಟೆಲಿಯು 1628ರಲ್ಲಿ ಒಂದು ಸರಳ ಸಂಗತಿಯನ್ನು ಗ್ರಂಥರೂಪದಲ್ಲಿ ಸಾರಿದ: ನೀರಿನ ಮೊತ್ತ ಎಂದರೆ ಅದರ ಅಡ್ಡಕೊಯ್ತದ ವಿಸ್ತಾರವನ್ನು ವೇಗದಿಂದ ಗುಣಿಸಿದ್ದು. ನಮ್ಮ ನೀರಗಂಟಿ ಆಳ ಮತ್ತು ಓಟ ಎಂದದ್ದು ಇದನ್ನೇ. ವೇಗವನ್ನು ಪ್ರತಿಯೊಂದು ಕವಲಿನಲ್ಲಿಯೂ ದಿನವೂ ಅಳೆಯುತ್ತ ಕೂರುವುದು ಆಗದ ಮಾತು. ಆದ್ದರಿಂದ ಎಂಜಿನಿಯರರು ಬೇರೊಂದು ಉಪಾಯ ಹೂಡಿದರು. ಕಾಲುವೆಗೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿ, ಅದರಲ್ಲಿ ಗೊತ್ತಾದ ಆಕಾರದ ಒಂದು ಕಚ್ಚನ್ನು ಕೊಯ್ದು, ನೀರೆಲ್ಲ ಅದರ ಮೂಲಕವೇ ಬೀಳುವಂತೆ ಮಾಡುವುದು. ಆಗ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆಯೆಂದು ತಿಳಿದರೆ ಎಷ್ಟು ಹರಿಯುತ್ತಿದೆಯೆಂಬುದು ಲೆಕ್ಕಕ್ಕೆ ಸಿಗುತ್ತದೆ.

ಈ ವಿದ್ಯೆ ಬೆಳೆದದ್ದು ಬಹುಪಾಲು ಎಂಜಿನಿಯರಿಂಗ್ ಶಾಲೆಗಳ ಅಂಗಳದಲ್ಲಿ. ಲಾರ್ಡ್ ಕೆಲ್ವಿನ್ನನ ಅಣ್ಣ ಜೇಮ್ಸ್ ಥಾಮ್ಸನ್ ಬೆಲ್‌ಫಾಸ್ಟಿನ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದಾಗ, 1858ರ ಸುಮಾರಿಗೆ, ತಲೆಕೆಳಗಾದ ತ್ರಿಕೋನದ ಕಚ್ಚನ್ನು ಪರೀಕ್ಷಿಸಿ ಬಳಕೆಗೆ ತಂದ. 1920ರ ದಶಕದಲ್ಲಿ ಅಮೆರಿಕದ ಕೊಲರಾಡೊ ಕೃಷಿ ಕಾಲೇಜಿನ ಪಾರ್ಷಲ್ ಎಂಬಾತ ರೈತರ ಕಾಲುವೆಗಳಿಗೆಂದೇ ನಡು ಕಿರಿದಾದ ಒಂದು ದೋಣಿಯನ್ನು ರೂಪಿಸಿದ.

ಆದರೆ ಈ ಕಚ್ಚುಗಳಲ್ಲಿ ಒಂದು ತೊಡಕು ಇದೆ. ಚೌಕನೆಯ ಕಚ್ಚಿನಲ್ಲಿ ನೀರಿನ ಎತ್ತರ ಇಮ್ಮಡಿಯಾದರೆ ಹರಿವು ಇಮ್ಮಡಿಯಾಗುವುದಿಲ್ಲ, ಸುಮಾರು 2.8 ಪಟ್ಟಾಗುತ್ತದೆ. ಥಾಮ್ಸನ್ನನ ತ್ರಿಕೋನದಲ್ಲಿ ಸುಮಾರು 5.7 ಪಟ್ಟು! ಕೋಷ್ಟಕ ನೋಡಬಲ್ಲ ಎಂಜಿನಿಯರಿಗೆ ಇದು ತೊಡಕಲ್ಲ. ಬದುವಿನ ಮೇಲೆ ನಿಂತ ರೈತನಿಗೆ ಮಾತ್ರ ಅಳತೆಗೋಲು ಹಳೆಯ ಗೇಣುಕೋಲಿನಷ್ಟೇ ಮೋಸಗಾರ. ಎತ್ತರ ಇಮ್ಮಡಿಯಾದರೆ ನೀರೂ ಇಮ್ಮಡಿಯಾಗುವಂಥ, ಎಂದರೆ ನಮ್ಮ ಸೇರು ಪಾವುಗಳಂತೆ ನೇರವಾಗಿ ಓದಬಲ್ಲಂಥ, ಕಚ್ಚು ಇರಲಾರದೆ?

ಈ ಪ್ರಶ್ನೆಗೆ 1897ರಲ್ಲಿ ಅಮೆರಿಕದ ಸ್ಟೌಟ್ ಎಂಬಾತ ಉತ್ತರ ಕಂಡ. ನೀರು ಏರಿದಂತೆಲ್ಲ ಅದರ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಕಚ್ಚು ಮೇಲೆಮೇಲೆ ಕಿರಿದಾಗುತ್ತ ಹೋಗಬೇಕು. ಆದರೆ ಅವನ ಗಣಿತದ ಪ್ರಕಾರ ಕಚ್ಚಿನ ತಳ ಅನಂತವಾಗಿ ಅಗಲವಿರಬೇಕಾಗಿತ್ತು. ಅಂಥ ಹಲಗೆಯನ್ನು ಯಾವ ಬಡಗಿ ತಾನೇ ಮಾಡಿಯಾನು? ಸೂಟ್ರೋ ಎಂಬಾತನ ಹೆಸರಿನ ಕಚ್ಚು ತಳದಲ್ಲಿ ಒಂದು ಚೌಕವನ್ನು ಕೂಡಿಸಿ ಈ ತೊಂದರೆಯನ್ನು ಕಳೆಯಿತು. ಆದರೂ ಅದರ ಅಂಚುಗಳು ಬಾಗಿದವು; ಅವನ್ನು ನಿಖರವಾಗಿ ಕೊಯ್ಯುವುದು ನುರಿತ ಕೆಲಸಗಾರನಿಗೂ ಸುಲಭವಲ್ಲ.

ಇಲ್ಲಿಂದ ಮುಂದಿನ ಕಥೆ ನಮ್ಮ ನಾಡಿನದು. ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ, 1909ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಎಸ್. ಗೋವಿಂದರಾಯರಂಥ ಪ್ರಾಧ್ಯಾಪಕರು ಜಲವಿಜ್ಞಾನದ ಒಂದು ಪರಂಪರೆಯನ್ನು ಬೆಳೆಸಿದ್ದರು. ಅಲ್ಲಿಯ ಕೆ. ಕೇಶವಮೂರ್ತಿಯವರು ಎನ್. ಶೇಷಗಿರಿಯವರೊಡನೆ 1968ರಲ್ಲಿ ಇಂಥ ಕಚ್ಚುಗಳ ಒಂದು ಸಾಮಾನ್ಯ ಸಿದ್ಧಾಂತವನ್ನೂ ಅದರ ಪ್ರಯೋಗಗಳನ್ನೂ ಪ್ರಕಟಿಸಿದರು. ನೀರಿನ ಎತ್ತರಕ್ಕೂ ಹರಿವಿಗೂ ಇಂಥ ಸಂಬಂಧ ಬೇಕೆಂದು ನಾವು ಕೇಳಿದರೆ, ಅದಕ್ಕೆ ತಕ್ಕ ಕಚ್ಚಿನ ಆಕಾರವನ್ನು ಗಣಿತವೇ ಬಿಡಿಸಿಕೊಡುವ ಮಾರ್ಗ ಅದು. ಮುಂದೆ 1989ರಲ್ಲಿ ಅವರು ಡಿ. ಪಿ. ಗಿರಿಧರ್ ಅವರೊಡನೆ ಹೊರತಂದ ಕೆಲಸ ನನಗೆ ಎಲ್ಲಕ್ಕಿಂತ ಮೆಚ್ಚುಗೆಯದು. ಥಾಮ್ಸನ್ನನ ತ್ರಿಕೋನವನ್ನು ಮಗುಚಿ ನೆಟ್ಟಗೆ ನಿಲ್ಲಿಸಿದರೆ ಸಾಕು, ಬಾಗಿದ ಅಂಚುಗಳ ಗೊಡವೆಯೇ ಬೇಡ ಎಂದು ಅವರು ತೋರಿಸಿದರು. ತಳ ಅಗಲ, ಮೇಲೆ ಹೋದಂತೆ ಕಿರಿದು, ತುದಿ ಚೂಪು: ನಮ್ಮ ಗೋಪುರದ ಆಕಾರ. ಎರಡು ನೇರ ಕೊಯ್ತಗಳಲ್ಲಿ ಮುಗಿಯುವ ಕೆಲಸ. ಕಚ್ಚಿನ ಎತ್ತರವನ್ನು ನೂರು ಪಾಲು ಮಾಡಿದರೆ, ನೀರು 22ನೆಯ ಪಾಲಿನಿಂದ 94ನೆಯ ಪಾಲಿನವರೆಗೆ ಎಲ್ಲಿಯೇ ನಿಲ್ಲಲಿ, ತಳದಿಂದ 8 ಪಾಲು ಮೇಲಿನ ಗೆರೆಯಿಂದ ಅಳೆದ ಎತ್ತರಕ್ಕೆ ಹರಿವು ನೇರ ಪ್ರಮಾಣದಲ್ಲಿರುತ್ತದೆ. ತಪ್ಪು ಬಂದರೆ ನೂರಕ್ಕೆ ಒಂದೂವರೆಯಷ್ಟು.

ಓದಿದ್ದನ್ನು ನಂಬುವ ಮೊದಲು ಮಾಡಿ ನೋಡಬೇಕೆಂಬ ಚಪಲ ನನ್ನದು. ಒಂದು ತಗಡಿನಲ್ಲಿ 20 ಸೆಂಟಿಮೀಟರ್ ಎತ್ತರದ, 5 ಸೆಂಟಿಮೀಟರ್ ತಳದ ಗೋಪುರವನ್ನು ಕೊಯ್ಯಿಸಿ, ಪಂಪಿನ ನೀರು ಬೀಳುವ ತೊಟ್ಟಿಗೆ ಹೊಂದಿಸಿದೆ. ತಳದಿಂದ 1.6 ಸೆಂಟಿಮೀಟರ್ ಮೇಲೆ ಮೊಳೆಯಿಂದ ಗೆರೆ ಎಳೆದೆ. ಆ ಗೆರೆಯ ಮೇಲೆ ನೀರು 4.4 ಸೆಂಟಿಮೀಟರ್ ನಿಂತಾಗ 15 ಲೀಟರಿನ ಬಕೆಟ್ಟು ತುಂಬಲು ಹನ್ನೆರಡು ಹದಿಮೂರು ಸೆಕೆಂಡು ಹಿಡಿಯಿತು. ಎತ್ತರವನ್ನು ಇಮ್ಮಡಿ ಮಾಡಿದಾಗ ಆರು ಸೆಕೆಂಡಿನ ಆಸುಪಾಸು. ಪಕ್ಕದ ಮನೆಯ ಹುಡುಗ, "ಇಷ್ಟೇ ತಾನೆ?" ಎಂದ. ಹೌದು, ಇಷ್ಟೇ. ಆದರೆ ಈ 'ಇಷ್ಟೇ' ಅಂದು ಸಿಕ್ಕಿದ್ದರೆ ನನ್ನ ಮಾವನೂ ಅವನ ನೆರೆಯವನೂ ಮಾತು ಬಿಡಬೇಕಾಗಿರಲಿಲ್ಲ.

ನೀರನ್ನು ಅಳೆಯುವುದರಂತೆಯೇ ಅದನ್ನು ಹಿಡಿದು ಬಿಡುವುದರಲ್ಲಿಯೂ ನಮ್ಮವರ ಜಾಣ್ಮೆ ಇದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್ ಅವರು ಕಂಡುಹಿಡಿದ ಸುರುಳಿ ಸೈಫನ್ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಶರಾವತಿಯ ಹಿರೇಭಾಸ್ಕರದಲ್ಲಿ ಸ್ಥಾಪಿತವಾಯಿತು. ಕೆರೆ ತುಂಬಿ ನೀರು ಅದರ ಆಲಿಕೆಯೊಳಗೆ ಸುಳಿಯಾಗಿ ಇಳಿಯುವಾಗ ಗಾಳಿಯನ್ನು ತಾನೇ ಹೊರಕ್ಕೆ ಎಳೆದುಕೊಂಡು, ಯಾರೂ ಗೇಟು ಎತ್ತದೆಯೇ ನೀರು ಹೊರಬೀಳುತ್ತದೆ. ಎತ್ತಬೇಕಾದ ಗೇಟುಗಳ ಕಷ್ಟವೇನೆಂಬುದನ್ನು ಹೊಸಪೇಟೆಯವರಿಗೆ ಹೇಳಬೇಕಾಗಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ತಡೆ ಇಳಿಸಿದ ಆ ಒಂದು ವಾರವನ್ನು ಈ ಊರು ಮರೆಯಲಾರದು.

ಆ ಜಲಾಶಯದಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಇದೂ ಅಳೆದುದರಿಂದ ತಿಳಿದ ಸತ್ಯ. ಎಡದಂಡೆಯ ಕಾಲುವೆ ಸುಮಾರು 227 ಕಿಲೊಮೀಟರ್ ಹರಿದು ರಾಯಚೂರಿನ ಸೀಮೆಯನ್ನು ಮುಟ್ಟಬೇಕು. ಹೆಚ್ಚು ನೀರು ಬೇಡದ ಬೆಳೆಗಳಿಗೆಂದು ಯೋಜಿಸಿದ ನೆಲದಲ್ಲಿ ಮೇಲಿನವರು ಭತ್ತ ಬೆಳೆದರು. ಕೊನೆಯ ಭಾಗದ ಮಾನ್ವಿ, ಸಿರವಾರಗಳ ರೈತರು ಬತ್ತಿದ ಕಾಲುವೆಯ ಮುಂದೆ ನಿಂತರು. ನನ್ನ ಮಾವನ ಎರಡು ಕವಲುಗಳ ಜಗಳ ಇಲ್ಲಿ ಜಿಲ್ಲೆಗಳಷ್ಟು ದೊಡ್ಡದಾಗಿದೆ.

ಅಳತೆಗೋಲೊಂದೇ ಇದನ್ನು ಬಗೆಹರಿಸುತ್ತದೆಂದು ನಾನು ಹೇಳಲಾರೆ. ತಗಡಿನ ಕಚ್ಚು ಸುಳ್ಳಾಡುವುದಿಲ್ಲ. ಆದರೆ ಅದರ ಮಾತನ್ನು ಕೇಳಲು ಮೇಲಿನ ಗದ್ದೆಯವನಿಗೂ ಮನಸ್ಸು ಬೇಕು. ಹಾಗಿದ್ದರೂ, ಅಳೆಯದ ನೀರಿನಲ್ಲಿ ಕೊನೆಯವನ ದೂರು ಬರಿಯ ಗೊಣಗಾಟವಾಗಿ ಕೇಳುತ್ತದೆ. ಅಳೆದ ನೀರಿನಲ್ಲಿ ಅದು ಲೆಕ್ಕವಾಗುತ್ತದೆ. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕುಳಿತು ತ್ರಿಕೋನವನ್ನು ಮಗುಚಿ ನೋಡಿದವರು ಗಣಿತದ ಒಂದು ಗಂಟನ್ನು ಬಿಡಿಸುತ್ತಿದ್ದರು. ನನಗೆ ಮಾತ್ರ ಅವರ ಕೆಲಸವನ್ನು ಓದಿದಾಗಲೆಲ್ಲ ಬದುವಿನ ಮೇಲೆ ಕುಳಿತ ಆ ಮುದುಕ ನೀರಗಂಟಿಯ ನೆನಪಾಗುತ್ತದೆ. ಅಂದು ಯಾರೂ ಕೇಳದ ಅವನ ಮಾತಿಗೆ ಅವರು ಸಾಕ್ಷಿ ನುಡಿದಿದ್ದಾರೆ.