ನರೇಗಾ ತಂತ್ರಾಂಶ: ಕೊಪ್ಪಳ ಸೀಮೆಯ ಪಂಚಾಯಿತಿಗಳಿಗೆ ಕಲಿಸಿದ ಪಾಠ

ಕೊಪ್ಪಳ: ಯೋಜನಾ ನಿರ್ವಹಣಾ ತಂತ್ರಾಂಶ ಎಂದೊಡನೆ ಬೆಂಗಳೂರಿನ ಐಟಿ ಕಂಪನಿಗಳು ನೆನಪಿಗೆ ಬರುವುದು ಸಹಜ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಗ್ರಾಮ ಪಂಚಾಯಿತಿಗಳಿಗೂ ಇಂಥ ತಂತ್ರಾಂಶ ಹೊಸತಲ್ಲ. ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗಾಗಿ ರೂಪುಗೊಂಡ 'ನರೇಗಾ ಸಾಫ್ಟ್' ಮತ್ತು ಅದಕ್ಕೆ ಜೋಡಿಸಲಾದ ಮೊಬೈಲ್ ಹಾಜರಾತಿ ವ್ಯವಸ್ಥೆಯನ್ನು ಬಳಸಿದ ತಂಡಗಳು ಬಹುಶಃ ದೇಶದಲ್ಲೇ ಅತ್ಯಂತ ದೊಡ್ಡವು. ಈ ತಂತ್ರಾಂಶ ಕೈಕೊಟ್ಟರೆ ನಷ್ಟವಾಗುತ್ತಿದ್ದುದು ಕಂಪನಿಗಲ್ಲ, ಕೂಲಿಕಾರನಿಗೆ ಎಂಬುದು ಗಮನಾರ್ಹ.

ಏಕೆ ಮುಖ್ಯ?

ಹಳೆಯ ರಾಯಚೂರು ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಕೊಪ್ಪಳ ಜಿಲ್ಲೆಗೆ ಎರಡು ಮುಖಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭಾಗ ಭತ್ತದ ಕಣಜವೆನಿಸಿದೆ. ಕುಷ್ಟಗಿ, ಯಲಬುರ್ಗಾ ಭಾಗಗಳು ಬಹುಮಟ್ಟಿಗೆ ಮಳೆಯಾಶ್ರಿತ. ಬೇಸಿಗೆಯಲ್ಲಿ ಹೊಲದ ಕೆಲಸ ನಿಂತಾಗ ಇಲ್ಲಿನ ಬಡವರ ಮುಂದಿರುತ್ತಿದ್ದ ಮಾರ್ಗಗಳು ಎರಡೇ: ದುಡಿಮೆ ಅರಸಿ ಗುಳೆ ಹೋಗುವುದು, ಇಲ್ಲವೇ ಊರಿನಲ್ಲೇ ಬದು ನಿರ್ಮಾಣ, ಕೃಷಿ ಹೊಂಡ, ಕೆರೆ ಹೂಳೆತ್ತುವಂಥ ನರೇಗಾ ಕೆಲಸಕ್ಕೆ ಅರ್ಜಿ ಹಾಕುವುದು. 2025–26ರಲ್ಲಿ ರಾಜ್ಯದಲ್ಲಿ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಆರು ದಿನ ದುಡಿದರೆ 2,220 ರೂಪಾಯಿ. ಈ ಹಣ ಖಾತೆಗೆ ಬರುವುದೋ ಇಲ್ಲವೋ ಎಂಬುದು ತಂತ್ರಾಂಶದಲ್ಲಿ ಆಗುವ ನಮೂದುಗಳ ಮೇಲೆ ನಿಂತಿತ್ತು.

ತಂಡದಲ್ಲಿ ಯಾರಿದ್ದರು?

ಒಂದು ಕಾಮಗಾರಿ ಕ್ರಿಯಾ ಯೋಜನೆಯಿಂದ ಕೂಲಿ ಪಾವತಿಯವರೆಗೆ ಹಲವು ಕೈಗಳನ್ನು ದಾಟಬೇಕಿತ್ತು. ಕೂಲಿಕಾರರು ನಮೂನೆ–6ರಲ್ಲಿ ಕೆಲಸ ಕೇಳಬೇಕು. ಬೇಡಿಕೆಯನ್ನು ಗಣಕಯಂತ್ರಕ್ಕೆ ಏರಿಸಿದ ಬಳಿಕವೇ ಎನ್‌ಎಂಆರ್ ಹೊರಬರುತ್ತಿತ್ತು. ಸ್ಥಳದಲ್ಲಿ ಹಾಜರಿ ಹಾಕುವವರು ಕಾಯಕ ಬಂಧುಗಳು. ಆದ ಕೆಲಸದ ಅಳತೆಯನ್ನು ತಾಂತ್ರಿಕ ಸಿಬ್ಬಂದಿ ಎಂಬಿ ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಕೊನೆಯಲ್ಲಿ ಇಬ್ಬರು ಅಧಿಕೃತರ ಡಿಜಿಟಲ್ ಸಹಿಯಾದ ಮೇಲೆ ಹಣ ವರ್ಗಾವಣೆಯ ಆದೇಶ ಸಿದ್ಧವಾಗುತ್ತಿತ್ತು. ಕಾಮಗಾರಿಯ ಆರಂಭಕ್ಕೆ ಮುನ್ನ, ನಡೆಯುವಾಗ ಮತ್ತು ಮುಗಿದ ಬಳಿಕ ಜಿಯೋ ಟ್ಯಾಗ್ ಮಾಡಿದ ಚಿತ್ರ ಏರಿಸುವ ಪದ್ಧತಿ 2017ರ ನವೆಂಬರ್‌ನಿಂದ ಜಾರಿಗೆ ಬಂದಿತು.

ಯಾವ ಕಡತ ಯಾರ ಬಳಿ ನಿಂತಿದೆ ಎಂಬುದು ಪರದೆಯ ಮೇಲೆ ಕಾಣತೊಡಗಿದ್ದು ಈ ವ್ಯವಸ್ಥೆಯ ದೊಡ್ಡ ಲಾಭ. ಎನ್‌ಎಂಆರ್ ಮುಗಿದ 15 ದಿನಗಳಲ್ಲಿ ಕೂಲಿ ಸಿಗಬೇಕೆಂಬ ನಿಯಮವಿದ್ದುದರಿಂದ ವಿಳಂಬದ ಲೆಕ್ಕವನ್ನೂ ತಂತ್ರಾಂಶವೇ ಇಡುತ್ತಿತ್ತು. ಪಂಚಾಯಿತಿಯ ಖರ್ಚು–ವೆಚ್ಚವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡುವಂತಾದದ್ದು ಸಣ್ಣ ಸಂಗತಿಯಲ್ಲ.

ದಿನಕ್ಕೆರಡು ಚಿತ್ರ

ನಿಜವಾದ ಪರೀಕ್ಷೆ ಎದುರಾದದ್ದು ಎನ್‌ಎಂಎಂಎಸ್ ಎಂಬ ಮೊಬೈಲ್ ಆ್ಯಪ್ ಬಂದಾಗ. 2021ರ ಮೇ 21ರಂದು ಇದಕ್ಕೆ ಚಾಲನೆ ದೊರೆಯಿತು. 20 ಅಥವಾ ಹೆಚ್ಚು ಕೂಲಿಕಾರರಿರುವ ಸ್ಥಳಗಳಲ್ಲಿ 2022ರ ಮೇ 16ರಿಂದ ಕಡ್ಡಾಯವಾಯಿತು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿಗಳನ್ನು ಬಿಟ್ಟು ಎಲ್ಲೆಡೆ ವಿಸ್ತರಿಸಲಾಯಿತು. ದಿನಕ್ಕೆ ಎರಡು ಬಾರಿ ಕೂಲಿಕಾರರ ಚಿತ್ರವನ್ನು ಸ್ಥಳದ ಗುರುತು ಹಾಗೂ ಸಮಯದೊಂದಿಗೆ ಸೆರೆಹಿಡಿಯಬೇಕೆಂಬುದು ನಿಯಮ.

ಬಯಲುಸೀಮೆಯ ಬಿಸಿಲು ಬಲ್ಲವರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಬೇಸಿಗೆಯಲ್ಲಿ ಜನ ಬೆಳಗಿನ ಜಾವವೇ ಹೊರಟು, ಹೊತ್ತೇರುವ ಮೊದಲೇ ತಮ್ಮ ಪಾಲಿನ ಮಣ್ಣು ಕಡಿದು ಮನೆ ಸೇರಲು ಬಯಸುತ್ತಾರೆ. ಕೆಲಸ ಮುಗಿದರೂ ಎರಡನೆಯ ಚಿತ್ರಕ್ಕಾಗಿ ಕಾಯಬೇಕಾದಾಗ ಮೊದಲು ತೊಂದರೆಗೊಳಗಾಗುವವರು ಮಕ್ಕಳನ್ನು ಬಿಟ್ಟು ಬಂದ ಹೆಣ್ಣುಮಕ್ಕಳು. ಸಿಗ್ನಲ್ ಸಿಗದ ಕೆರೆಯಂಗಳ, ಚಾರ್ಜ್ ಮುಗಿದ ಮೊಬೈಲ್, ಏರದ ಚಿತ್ರ — ಇವುಗಳಲ್ಲಿ ಯಾವುದಾದರೂ ಒಂದು ಸಾಕು, ದುಡಿದ ದಿನದ ಕೂಲಿಗೆ ಸಂಚಕಾರ ಬರಲು.

ದೂರಿನಿಂದ ತಿದ್ದುಪಡಿ

ದೇಶದ ನಾನಾ ಕಡೆಗಳಿಂದ ದೂರುಗಳು ಕೇಳಿಬಂದ ಬಳಿಕ ಆ್ಯಪ್‌ನಲ್ಲಿ ಬದಲಾವಣೆಗಳಾದವು. ಮೊದಲ ಚಿತ್ರ ಏರಿಸಿದ ನಾಲ್ಕು ಗಂಟೆಗಳ ನಂತರ ಎರಡನೆಯದನ್ನು ತೆಗೆಯಲು ಅವಕಾಶ ನೀಡಲಾಯಿತು. ಸಂಪರ್ಕವಿಲ್ಲದೆಡೆ ಹಾಜರಿ ಸೆರೆಹಿಡಿದು, ಸಂಪರ್ಕ ಸಿಕ್ಕಾಗ ಏರಿಸುವ ಸೌಲಭ್ಯ ಬಂದಿತು. ಅಸಾಧಾರಣ ಸಂದರ್ಭಗಳಲ್ಲಿ ಹಾಜರಿಯನ್ನು ಕೈಯಾರೆ ದಾಖಲಿಸುವ ಅಧಿಕಾರವನ್ನು ಜಿಲ್ಲಾ ಕಾರ್ಯಕ್ರಮ ಸಮನ್ವಯಾಧಿಕಾರಿಗೆ ಕೊಡಲಾಯಿತು. ಆದರೆ ಸ್ಥಳದಲ್ಲಿ ಆದ ತೊಡಕಿಗೆ ಪರಿಹಾರ ಜಿಲ್ಲಾ ಕೇಂದ್ರದಲ್ಲಿತ್ತು. ಕೂಲಿಕಾರರು ಮೊದಲು ಪಂಚಾಯಿತಿಯನ್ನು, ಪಂಚಾಯಿತಿಯವರು ತಾಲ್ಲೂಕನ್ನು, ತಾಲ್ಲೂಕಿನವರು ಜಿಲ್ಲೆಯನ್ನು ಒಪ್ಪಿಸಬೇಕಿತ್ತು.

ಕಣ್ಣಿದ್ದೂ ಕಾಣದ ಯಂತ್ರ

ಅಕ್ರಮ ತಡೆಯುವುದು ಆ್ಯಪ್‌ನ ಮೂಲ ಉದ್ದೇಶ. ಅದು ಎಷ್ಟರಮಟ್ಟಿಗೆ ಈಡೇರಿತು ಎಂಬುದಕ್ಕೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈನಲ್ಲಿ ರಾಜ್ಯಗಳಿಗೆ ಬರೆದ ಪತ್ರವೇ ಸಾಕ್ಷಿ. ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರ ಏರಿಸುವುದು, ಚಿತ್ರದ ಚಿತ್ರ ತೆಗೆಯುವುದು, ಒಂದೇ ಜನರನ್ನು ಹಲವು ಎನ್‌ಎಂಆರ್‌ಗಳಲ್ಲಿ ತೋರಿಸುವುದು ಮುಂತಾದ ದುರ್ಬಳಕೆಗಳನ್ನು ಪತ್ರ ಪಟ್ಟಿ ಮಾಡಿತ್ತು. ಪಂಚಾಯಿತಿ ಮಟ್ಟದಲ್ಲಿ ಎಲ್ಲ ಚಿತ್ರಗಳನ್ನೂ ಸಿಬ್ಬಂದಿ ಪರಿಶೀಲಿಸಬೇಕೆಂದು ಸೂಚಿಸಿತ್ತು. ಮನುಷ್ಯರ ಮೇಲೆ ನಂಬಿಕೆ ಸಾಲದೆಂದು ತಂದ ಯಂತ್ರವನ್ನು ಕಾಯಲು ಮತ್ತೆ ಮನುಷ್ಯರನ್ನೇ ನೇಮಿಸಬೇಕಾಯಿತು. ಕಳ್ಳ ಹಾಜರಿ ಹಾಕುವವನಿಗೆ ದಾರಿಗಳು ಸಿಕ್ಕವು. ಪ್ರಾಮಾಣಿಕವಾಗಿ ದುಡಿದು ಚಿತ್ರ ಏರದವನಿಗೆ ಸುಲಭದ ದಾರಿ ಇರಲಿಲ್ಲ.

ಮುಂದೇನು?

ನರೇಗಾ ಸ್ಥಾನದಲ್ಲಿ ವರ್ಷಕ್ಕೆ 125 ದಿನಗಳ ಕೆಲಸದ ಖಾತರಿ ನೀಡುವ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅಂಗೀಕರಿಸಿತು. ಬಯೋಮೆಟ್ರಿಕ್ ದೃಢೀಕರಣ, ಮೊಬೈಲ್ ಆಧಾರಿತ ನಿಗಾ ಇವೆಲ್ಲ ಅದರಲ್ಲಿಯೂ ಇವೆ. ಆದ್ದರಿಂದ ಹಳೆಯ ಅನುಭವವನ್ನು ಮರೆಯುವಂತಿಲ್ಲ.

ಕಚೇರಿಯ ತಂತ್ರಾಂಶವಾಗಲಿ, ಕೆರೆಯಂಗಳದ ಆ್ಯಪ್ ಆಗಲಿ, ಅಳತೆಗೋಲು ಒಂದೇ. ತಪ್ಪು ನಮೂದಾದಾಗ ಅದನ್ನು ಸರಿಪಡಿಸುವ ಅಧಿಕಾರ ಕೆಲಸದ ಸ್ಥಳಕ್ಕೆ ಎಷ್ಟು ಹತ್ತಿರದಲ್ಲಿದೆ? ನರೇಗಾ ತಂಡದಲ್ಲಿ ಪಾಸ್‌ವರ್ಡ್ ಎಲ್ಲರ ಬಳಿಯೂ ಇತ್ತು, ಗುದ್ದಲಿ ಹಿಡಿದವರ ಹೊರತು. ಹೊಸ ವ್ಯವಸ್ಥೆಯಲ್ಲಾದರೂ ಅಂದಂದಿನ ಹಾಜರಿ ಏರಿದೆಯೇ ಎಂದು ಕೂಲಿಕಾರರಿಗೆ ಕನ್ನಡದಲ್ಲಿ, ಅದೇ ಸಂಜೆ, ಅವರ ಊರಿನಲ್ಲೇ ತಿಳಿಯುವಂತಾದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿದೀತು.