ಚುಚ್ಚಿ ನೋಡುವುದು

ಚೀಟಿಯಲ್ಲಿ ಡಾಕ್ಟರು ‘ಬಯಾಪ್ಸಿ’ ಎಂದು ಬರೆದರೆ ಸಾಕು, ಸಂಜೆಯ ಹೊತ್ತಿಗೆ ನೆಂಟರ ಬಾಯಲ್ಲಿ ಅದು ‘ಕ್ಯಾನ್ಸರಂತೆ’ ಎಂದಾಗಿರುತ್ತದೆ. ಪರೀಕ್ಷೆಯ ಹೆಸರೇ ಕಾಯಿಲೆಯ ಹೆಸರಾಗಿಬಿಟ್ಟಿದೆ. ಬಯಾಪ್ಸಿಗೆ ಹೇಳಿ ಕಳಿಸಿದ ಗಂಟುಗಳಲ್ಲಿ ಎಷ್ಟೋ ನಿರುಪದ್ರವಿಗಳು. ಸ್ತನದ ಎಕ್ಸ್‌ರೇ, ಅಂದರೆ ಮ್ಯಾಮೊಗ್ರಾಂ ವರದಿಯ ‘ಬಿರಾಡ್ಸ್ 4’ ಎಂಬ ದರ್ಜೆಯನ್ನೇ ನೋಡಿ. ಅದರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡಾ 2ರಿಂದ 95ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟು ಅಗಲದ ಅನುಮಾನ ತೀರಿಸಲೆಂದೇ ಸೂಜಿ.

ಪದದೊಳಗೂ ಕಾಯಿಲೆಯ ಸುಳಿವಿಲ್ಲ. ಗ್ರೀಕಿನಲ್ಲಿ ‘ಬಿಯೊಸ್’ ಎಂದರೆ ಬದುಕು, ‘ಆಪ್ಸಿಸ್’ ಎಂದರೆ ನೋಟ. ಹಾಗೆಂದು ಪ್ರಾಚೀನ ಗ್ರೀಕರಿಗೆ ಈ ಪದ ಗೊತ್ತಿರಲಿಲ್ಲ. ಹಳೆಯ ಬೇರುಗಳನ್ನು ಕಸಿ ಮಾಡಿ 1879ರಲ್ಲಿ ಇದನ್ನು ಕಟ್ಟಿದವರು ಪ್ಯಾರಿಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ. ಇದರ ಅಕ್ಕನಂಥ ಪದ ‘ಅಟಾಪ್ಸಿ’ ಆಗಲೇ ಚಲಾವಣೆಯಲ್ಲಿತ್ತು. ‘ಸ್ವತಃ ಕಣ್ಣಾರೆ ಕಾಣುವುದು’ ಎಂಬ ಅದರ ವಿಶಾಲಾರ್ಥ ಸವೆದು, ಹೆಣ ಕೊಯ್ದು ನೋಡುವುದಷ್ಟೇ ಉಳಿದಿತ್ತು. ಕಾಯಿಲೆಯ ನಿಜರೂಪ ತಿಳಿಯಲು ರೋಗಿ ಸಾಯುವವರೆಗೆ ಕಾಯಬೇಕಿಲ್ಲ ಎಂಬ ವಾದ ಬೆನಿಯೆಯ ಪದದಲ್ಲೇ ಅಡಗಿದೆ.

ನಮ್ಮ ಪುಸ್ತಕದ ಕನ್ನಡ ಇದನ್ನು ‘ಅಂಗಾಂಶ ಪರೀಕ್ಷೆ’ ಎಂದಿತು. ಪರವಾಗಿಲ್ಲ, ‘ಪರೀಕ್ಷೆ’ಯಲ್ಲೂ ‘ಈಕ್ಷಿಸು’ ಇದೆ, ಅಲ್ಲೂ ನೋಟವೇ. ಆದರೂ ನನಗೆ ಹಿಡಿಸುವುದು ಆಡುಮಾತಿನ ‘ಚುಚ್ಚಿ ನೋಡುವುದು’. ಹಣ್ಣು ಹಿಚುಕಿ ನೋಡು, ಸಾರಿನ ರುಚಿ ನೋಡು ಎನ್ನುವಾಗ ಕನ್ನಡದ ‘ನೋಡು’ವಿಗೆ ಕಣ್ಣೇ ಬೇಕಿಲ್ಲ. ಸ್ತನದ ಸೂಜಿ ಬಯಾಪ್ಸಿ ಬಹುಕಾಲ ನಡೆದದ್ದೂ ಹೀಗೆಯೇ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ 1930ರಲ್ಲಿ ಸೂಜಿಯಿಂದ ಗಂಟಿನ ಜೀವಕೋಶ ಹೀರಿ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಗಂಟು ಕೈಗೆ ಸಿಗಬೇಕು, ಸಿಕ್ಕಲ್ಲಿಗೆ ಚುಚ್ಚಬೇಕು. ಕಣ್ಣಿನ ಕೆಲಸ ಶುರುವಾಗುತ್ತಿದ್ದುದು ಸೂಕ್ಷ್ಮದರ್ಶಕದ ಮುಂದೆ ಕೂತ ಪೆಥಾಲಜಿಸ್ಟರಿಂದ.

ಆದರೂ ಅಮೆರಿಕದಲ್ಲಿ 1970ರ ದಶಕದವರೆಗೂ ಬಯಾಪ್ಸಿ ಎಂದರೆ ಸಾಮಾನ್ಯವಾಗಿ ಆಪರೇಷನ್ನೇ. ರೋಗಿ ಅರಿವಳಿಕೆಯಲ್ಲಿದ್ದಾಗಲೇ ಗಂಟಿನ ಚೂರು ಲ್ಯಾಬಿಗೆ ಹೋಗಿ ಬರುತ್ತಿತ್ತು. ಕ್ಯಾನ್ಸರ್ ಎಂದಾದರೆ ಅದೇ ಮೇಜಿನ ಮೇಲೆ ಸ್ತನ ಹೋಗುತ್ತಿತ್ತು. ಎಚ್ಚರವಾದಾಗ ಎದೆ ಹೇಗಿರುತ್ತದೆಂದು ತಿಳಿಯದೆಯೇ ಹೆಂಗಸು ಸಹಿ ಹಾಕಿರುತ್ತಿದ್ದಳು. ಬಯಾಪ್ಸಿ ಬೇರೆ, ಚಿಕಿತ್ಸೆ ಬೇರೆ, ನಡುವೆ ಯೋಚಿಸಲು ನನಗೆ ಸಮಯ ಕೊಡಿ ಎಂದು ಹಠ ಹಿಡಿದವರಲ್ಲಿ ಪತ್ರಕರ್ತೆ ರೋಸ್ ಕುಶ್ನರ್ ಒಬ್ಬರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಮಾಲೋಚನಾ ಸಭೆ ಅದನ್ನು ಒಪ್ಪಿತು. ಪದ ಹುಟ್ಟಿ ಸರಿಯಾಗಿ ನೂರು ವರ್ಷವಾಗಿತ್ತು.

ಅಷ್ಟರಲ್ಲಿ ಕೈಗೆ ಸಿಗದ ಸುಣ್ಣದ ಚುಕ್ಕೆಗಳನ್ನು ಮ್ಯಾಮೊಗ್ರಾಂ ತೋರಿಸತೊಡಗಿತ್ತು. ಬೆರಳಿಗೆ ತಾಗದ್ದನ್ನು ಚುಚ್ಚುವುದು ಹೇಗೆ? ಸ್ಟಾಕ್‌ಹೋಮಿನವರು 1970ರ ದಶಕದಲ್ಲೇ ದಾರಿ ಹುಡುಕಿದರು: ಎರಡು ಕೋನಗಳಿಂದ ಎಕ್ಸ್‌ರೇ ತೆಗೆದು, ಆಳ ಲೆಕ್ಕ ಹಾಕಿ ಸೂಜಿ ಇಳಿಸುವುದು. ಆಮೇಲೆ ಸ್ಪ್ರಿಂಗಿನ ಗನ್ನು ಬಂತು, ಸುಮಾರು 2 ಮಿಲಿಮೀಟರ್ ದಪ್ಪದ 14 ಗೇಜ್ ಸೂಜಿ ಬಂತು. ಅಲ್ಟ್ರಾಸೌಂಡ್ ಪರದೆಯಲ್ಲಂತೂ ಸೂಜಿ ಗಂಟಿನೊಳಗೆ ಹೋಗುವುದೇ ಕಾಣುತ್ತದೆ. ‘ಚುಚ್ಚಿ ನೋಡು’ ಎಂಬುದು ‘ನೋಡಿ ಚುಚ್ಚು’ ಆಯಿತು.

ಫಲಿತಾಂಶದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬರೀ ಕೈಯಂದಾಜಿನಲ್ಲಿ ದಪ್ಪ ಸೂಜಿ ಹಾಕಿದರೆ 100 ಕ್ಯಾನ್ಸರ್‌ಗಳಲ್ಲಿ ಸುಮಾರು 9 ತಪ್ಪಿಸಿಕೊಳ್ಳುತ್ತವೆ. ಚಿತ್ರದ ನೆರವಿದ್ದರೆ 1ರಿಂದ 3. ಕೊಯ್ದು ಮಾಡುವ ಬಯಾಪ್ಸಿಯ ನಿಖರತೆಗೆ ಇದು ಹೆಚ್ಚುಕಡಿಮೆ ಸಮ, ತೊಂದರೆ ಮಾತ್ರ ಬಹಳ ಕಡಿಮೆ. ಸೂಜಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಸೂಜಿಯ ದಾರಿಯಲ್ಲಿ ಒಂದಷ್ಟು ಜೀವಕೋಶ ಕದಲಬಹುದು ನಿಜ, ಸ್ತನ ಕ್ಯಾನ್ಸರಿನಲ್ಲಿ ಅದರಿಂದ ಆಯಸ್ಸು ಕುಗ್ಗಿದ್ದು ಕಂಡಿಲ್ಲ.

ಸೂಜಿ ಸೋಲುವ ಜಾಗ ಬೇರೆ. ಅದು ತರುವುದು ಗಂಟಿನ ಚೂರನ್ನು, ಇಡೀ ಗಂಟನ್ನಲ್ಲ. ಚೂರಿನಲ್ಲಿ ಬರೀ ಅಸಹಜ ಕೋಶಗಳು ಕಂಡು, ಆಪರೇಷನ್ನಿನಲ್ಲಿ ಪಕ್ಕದಲ್ಲೇ ಕ್ಯಾನ್ಸರ್ ಸಿಗುವುದುಂಟು. ಆದ್ದರಿಂದಲೇ ಪೆಥಾಲಜಿ ವರದಿ ಬಂದ ಮೇಲೆ ರೇಡಿಯಾಲಜಿಸ್ಟ್ ಅದನ್ನು ತಮ್ಮ ಚಿತ್ರದ ಪಕ್ಕದಲ್ಲಿಟ್ಟು ತಾಳೆ ಹಾಕುತ್ತಾರೆ. ಚಿತ್ರ ಕೆಟ್ಟದ್ದನ್ನು ಸೂಚಿಸಿ ವರದಿ ‘ಏನಿಲ್ಲ’ ಎಂದರೆ, ಆ ‘ಏನಿಲ್ಲ’ವನ್ನು ನಂಬದೆ ಮತ್ತೆ ಚುಚ್ಚುತ್ತಾರೆ, ಇಲ್ಲವೇ ಆ ಭಾಗವನ್ನೇ ತೆಗೆಸುತ್ತಾರೆ.